ಬೀದರಿನಿಂದ ಕಲ್ಯಾಣಕ್ಕೆ ಹೋಗುವ ಮುನ್ನ

ತಮ್ಮಾ,

ಡಿಸೆಂಬರಿನಲ್ಲಿ ನಾಲ್ಕು ಮಂದಿ ಗೆಳೆಯರನ್ನು ಕರೆದುಕೊಂಡು ಬರುತ್ತೀ, ಬೀದರ್ ಕೋಟೆ ತೋರಿಸಿ ಮರುದಿನ ಗಾಡಿ ಮಾಡಿಕೊಂಡು ಬಸವಕಲ್ಯಾಣಕ್ಕೆ ಹೋಗುತ್ತೀ ಅಂತ ಕೇಳಿ ಮನಸ್ಸಿಗೆ ಹಿಗ್ಗಾಯಿತು. ‘ಹುಮನಾಬಾದ್ ಮೇಲಿಂದ ಹೆದ್ದಾರಿ ಹಿಡಿದರೆ ಎರಡು ತಾಸು ಸಾಕಲ್ಲ ಕಾಕಾ’ ಅಂದೆಯಲ್ಲ, ಅಲ್ಲಿ ಮಾತ್ರ ನಿನ್ನನ್ನು ತಡೆಯುತ್ತೇನೆ. ಮೊರಾಕೊಗೆ ಹೋಗಿದ್ದಾಗ ಫೆಸ್‌ನಿಂದ ಮರಕೇಶ್‌ಗೆ ಇಡೀ ದಿನದ ಕಾರು ಗೊತ್ತು ಮಾಡಿಕೊಂಡಿದ್ದಿರಿ. ಅಟ್ಲಾಸ್ ಬೆಟ್ಟದ ದೇವದಾರು ಕಾಡು, ದಾರಿಬದಿಯ ಚಹಾ, ಡ್ರೈವರ್ ಹೇಳಿದ ಕಥೆ ಇವನ್ನೇ ನೀನು ಮನೆಮಂದಿಗೆಲ್ಲ ಸರಿರಾತ್ರಿಯವರೆಗೆ ಹೇಳಿದ್ದು. ನಮ್ಮ ಎರಡು ರಾಜಧಾನಿಗಳ ನಡುವಿನ ಹಾದಿಗೂ ಅಷ್ಟು ಹೊತ್ತು ಕೊಡು. ಹೋಗುವಾಗ ಭಾಲ್ಕಿ ಮೇಲಿಂದ ಹೋಗು, ಬರುವಾಗ ಬೇಕಾದರೆ ಹುಮನಾಬಾದ್ ಹಿಡಿ. ಹೋಗುವ ಹಾದಿ ಸುಮಾರು ಎಂಬತ್ತು ಕಿಲೋಮೀಟರ್. ಅದಕ್ಕೆ ಅರ್ಧ ದಿನ ಇಟ್ಟುಕೊ.

ಮೊದಲು ಗಾಡಿಯ ಮಾತು. ಬಾಡಿಗೆಗೆ ಓಡುವ ಗಾಡಿಗೆ ಹಳದಿ ನಂಬರ್ ಪ್ಲೇಟ್ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಗಾಡಿಯವರು ನಾಲ್ಕು ದುಡ್ಡು ಕಡಿಮೆಗೆ ಬರುತ್ತಾರೆ. ಆದರೆ ಹಾದಿಯಲ್ಲಿ ಏನಾದರೂ ಆದರೆ, ಮನೆಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದೀರಿ ಅಂತ ವಿಮೆ ಕಂಪನಿ ಕೈ ಎತ್ತಬಹುದು. ಮನೆಯವರನ್ನು ನಂಬಿ ಬಂದ ಗೆಳೆಯರ ಜೀವದ ಮೇಲೆ ಅಂಥ ಉಳಿತಾಯ ಬೇಡ. ಐದು ಮಂದಿಗೆ ಕ್ರೂಸರ್ ಬೇಕಿಲ್ಲ, ಏಳು ಸೀಟಿನ ಗಾಡಿ ಸಾಕು.

ಬಾಡಿಗೆ ಮಾತಾಡುವಾಗ ‘ಕಲ್ಯಾಣಕ್ಕೆ ಎಷ್ಟು’ ಅಂತ ಕೇಳಿ ಸುಮ್ಮನಾಗಬೇಡ. ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ಎಷ್ಟು ಹೊತ್ತು, ಯಾವ ಹಾದಿಯಿಂದ ಬರಬೇಕು, ಎಲ್ಲವನ್ನೂ ಮೊದಲೇ ಹೇಳಿಬಿಡು. ಕಿಲೋಮೀಟರ್ ಲೆಕ್ಕವೋ ಇಡೀ ದಿನದ್ದೋ, ಟೋಲ್ ಯಾರದು, ಡ್ರೈವರ್ ಬತ್ತಾ ಅದರಲ್ಲೇ ಬಂತೋ ಬೇರೆಯೋ ಅಂತ ಬಾಯಿಬಿಟ್ಟು ಕೇಳು. ನಿಲ್ಲುವ ಮಾತು ಮೊದಲೇ ಆಗದಿದ್ದರೆ ಪ್ರತಿ ಸಲ ಇಳಿದಾಗಲೂ ಡ್ರೈವರ್ ಗಡಿಯಾರ ನೋಡುತ್ತಾನೆ. ಅದು ಅವನ ತಪ್ಪಲ್ಲ, ಸಂಜೆಗೆ ಅವನಿಗೆ ಇನ್ನೊಂದು ಬಾಡಿಗೆ ಇರುತ್ತದೆ. ನಾನು ಇಷ್ಟು ಒತ್ತಿ ಹೇಳುವುದು ಯಾಕೆಂದರೆ, ಗಾಡಿ ಮಾಡಿಕೊಂಡು ಹೋಗುವುದರ ಲಾಭವೆಲ್ಲ ಬೇಕಾದಲ್ಲಿ ನಿಲ್ಲಿಸಿಕೊಳ್ಳುವುದರಲ್ಲೇ ಇದೆ. ಬರೇ ಊರು ಮುಟ್ಟುವುದಿದ್ದರೆ ನಮ್ಮ ಸರ್ಕಾರಿ ಬಸ್ ಸಾಕು.

ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಮೊದಲು ನೌಬಾದಿನಲ್ಲಿ ಇಳಿಯಿರಿ. ಅಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರಲ್ಲ ಅದು. ಬೀದರ್ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಮಳೆನೀರು ಆ ತೂತುಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕಪ್ಪುಕಲ್ಲಿಗೆ ಬಂದು ನಿಲ್ಲುತ್ತದೆ. ಆ ಮಟ್ಟಕ್ಕೆ ಸುರಂಗ ತೋಡಿ, ಕಪಿಲೆ ಇಲ್ಲ, ರಾಟೆ ಇಲ್ಲ, ಬರೇ ಇಳಿಜಾರಿನಿಂದ ನೀರು ಹರಿಸಿದರು. ಮೇಲೆ ಸಾಲಾಗಿ ಕಾಣುವ ಬಾವಿಗಳು ಗಾಳಿಬೆಳಕಿಗೆ, ಹೂಳು ತೆಗೆಯುವುದಕ್ಕೆ. ಈ ವಿದ್ಯೆ ಇರಾನಿನಿಂದ ಬಂದದ್ದು. ನೀನು ನೋಡಿ ಬಂದ ಮರಕೇಶ್ ಊರಿಗೂ ಶತಮಾನಗಳ ಕಾಲ ಇಂಥದೇ ಸುರಂಗಗಳು ನೀರು ಕೊಟ್ಟವು, ಅಲ್ಲಿ ಅದಕ್ಕೆ ಖೆಟ್ಟಾರ ಅನ್ನುತ್ತಾರೆ. ಗೆಳೆಯರಿಗೆ ಇದನ್ನು ಅಲ್ಲೇ ನಿಂತು ಹೇಳು.

ಮುಂದೆ ಹೋದಂತೆ ಮಣ್ಣಿನ ಬಣ್ಣ ಬದಲಾಗುವುದನ್ನು ಕಿಟಕಿಯಿಂದಲೇ ನೋಡಬಹುದು. ಕೆಂಪು ಮುಗಿದು ಎರೆ ಶುರುವಾಗುತ್ತದೆ. ಡಿಸೆಂಬರಿನಲ್ಲಿ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಕಡಲೆ ಹಸಿರಾಗಿರುತ್ತದೆ, ಕಬ್ಬು ಕಡಿಯುತ್ತಿರುತ್ತಾರೆ. ಹೊಲದಲ್ಲಿ ಇಳಿಯುವ ಮೊದಲು ಅಲ್ಲಿದ್ದವರನ್ನು ಮಾತಾಡಿಸು. ಫೋಟೋಕ್ಕೆ ಅಂತ ಬೆಳೆ ತುಳಿಯಬಾರದು. ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಭಾನುವಾರ ಮಾತ್ರ ಬಿಟ್ಟು ಹೋಗಿ, ಗದ್ದಲದಲ್ಲಿ ಹೊತ್ತು ಹೋಗುತ್ತದೆ.

ಭಾಲ್ಕಿಯಲ್ಲಿ ಹಿರೇಮಠಕ್ಕೆ ಹೋಗದೆ ಮುಂದೆ ಸಾಗಬೇಡ. ನಿಜಾಮರ ಕಾಲದಲ್ಲಿ ಇಲ್ಲಿ ಸರ್ಕಾರದ್ದೂ ಶಾಲೆಯದ್ದೂ ಉರ್ದು ಭಾಷೆ. ಆಗ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು, 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಈ ನೆಲದಲ್ಲಿ ಕನ್ನಡದ ಅಕ್ಷರ ಉಳಿದದ್ದು ಇಂಥ ಪಡಸಾಲೆಗಳಲ್ಲಿ. ನಾನು ಈ ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ, ನೀನು ಓದುತ್ತಿರುವುದಕ್ಕೂ ಆ ಮಠಕ್ಕೆ ನಾವು ಋಣಿಗಳು. ಕಲ್ಯಾಣದಲ್ಲಿ ನೀವು ನೋಡುವ ಅನುಭವ ಮಂಟಪದ ಕಟ್ಟಡವನ್ನು ಕಟ್ಟಿಸಿದವರೂ ಪಟ್ಟದ್ದೇವರೇ. ಭಾಲ್ಕಿ ನೋಡಿಕೊಂಡು ಹೋದವನಿಗೆ ಆ ಮಂಟಪ ಬೇರೆಯಾಗಿಯೇ ಕಾಣುತ್ತದೆ.

ಊಟದ ಹೊತ್ತಿಗೆ ಖಾನಾವಳಿಯಲ್ಲಿ ಡ್ರೈವರನ್ನೂ ಜೊತೆಗೆ ಕೂರಿಸಿಕೊ. ಅವನ ಹೆಸರು ಕೇಳಿ ತಿಳಿದುಕೊ. ವಯಸ್ಸಾದವನಾದರೆ ಅಣ್ಣ ಅನ್ನು, ಭಾಯ್ ಅನ್ನು. ‘ಏ ಡ್ರೈವರ್’ ಅನ್ನುವ ಮಾತು ನಮ್ಮ ಮನೆಯವರ ಬಾಯಲ್ಲಿ ಬರಬಾರದು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕನ್ನೂ ಬಲ್ಲ ಈ ಜನಕ್ಕೆ ಯಾವ ಹಳ್ಳಿಯಲ್ಲಿ ಯಾವ ಜಾತ್ರೆ, ಯಾವ ಸೇತುವೆ ಮೇಲೆ ಮಳೆಗಾಲದಲ್ಲಿ ನೀರು ಬರುತ್ತದೆ ಎಲ್ಲ ಗೊತ್ತು. ಕೇಳುವವರಿದ್ದರೆ ಹೇಳುತ್ತಾರೆ. ವೇಗವಾಗಿ ಓಡಿಸು ಅಂತ ಮಾತ್ರ ಯಾವ ಕಾರಣಕ್ಕೂ ಹೇಳಬೇಡ.

ಕಲ್ಯಾಣದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಸೋಮೇಶ್ವರ ಕಟ್ಟಿದ ರಾಜಧಾನಿ, 1076ರಲ್ಲಿ ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ ಊರು, ಬಸವಣ್ಣನವರು ನಡೆದಾಡಿದ ಓಣಿಗಳು, ಇವನ್ನೆಲ್ಲ ನೀನು ಓದಿದ್ದೀ. ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಹೊರಡಿ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಸೇರಿ ಹುಮನಾಬಾದ್ ದಾಟಿದ ಮೇಲೆ ಜಲಸಂಗ್ವಿಗೆ ತಿರುಗಿಸಿ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಕಲ್ಲಿನ ಹೆಣ್ಣೊಬ್ಬಳು ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ಇಳಿಬಿಸಿಲಿನಲ್ಲಿ ನೋಡಬೇಕು. ಆದರೆ ಐದರೊಳಗೆ ಅಲ್ಲಿಂದ ಎದ್ದುಬಿಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಲಿಗಳು ರಸ್ತೆ ತುಂಬ ಇರುತ್ತವೆ. ಕತ್ತಲಲ್ಲಿ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ.

ಔರಾದನ್ನು ಅದೇ ದಿನಕ್ಕೆ ಸೇರಿಸಬೇಡ, ಅದು ಬಡಗಣ ದಿಕ್ಕಿನ ಬೇರೆ ಹಾದಿ. ಕೌಠಾ ಬಳಿ ಮಾಂಜರಾ ದಾಟಿ, ಅಮರೇಶ್ವರನ ದರ್ಶನ ಮಾಡಿ, ಮುಖದ ಮೇಲೆ ಕಪ್ಪು ಮಚ್ಚೆಯ ಬಿಳಿ ದೇವಣಿ ದನಗಳನ್ನು ನೋಡಿಕೊಂಡು ಬರುವುದಕ್ಕೆ ಇನ್ನೊಂದು ದಿನ ಬೇಕು. ಅಲ್ಲಿಂದ ಉದಗೀರ್ ಕೋಟೆಗೂ ಹೋಗೋಣ ಅಂತ ಗೆಳೆಯರು ಅಂದರೆ, ಅದು ಮಹಾರಾಷ್ಟ್ರ. ಗಾಡಿಗೆ ಹೊರರಾಜ್ಯದ ಪರ್ಮಿಟ್ ಇದೆಯೋ ಇಲ್ಲವೋ ಹಿಂದಿನ ದಿನವೇ ಕೇಳಿಕೊ. ನೀವು ಬರುವ ತಾರೀಖು ಗಟ್ಟಿಯಾದ ಕೂಡಲೇ ನನಗೆ ಫೋನ್ ಮಾಡು, ಭಾಲ್ಕಿ ಹಾದಿ ಬಲ್ಲ ಡ್ರೈವರ್ ಒಬ್ಬನಿಗೆ ಮೊದಲೇ ಹೇಳಿಡುತ್ತೇನೆ.

ನಿನ್ನ ಕಾಕಾ