ಗಣಕಯಂತ್ರದ ಡಿಸ್ಕ್ ಭಾಗ ಕಾಣದಾದಾಗ ಅನುಸರಿಸಬೇಕಾದ ಕ್ರಮ



ನಾನು ಈ ಹಿಂದೆ ಕರ್ತವ್ಯ ನಿರ್ವಹಿಸುತ್ತಿದ್ದ ಗ್ರಾಮ ಪಂಚಾಯಿತಿಯೊಂದರಲ್ಲಿ ಒಂದು ಬೆಳಿಗ್ಗೆ ಗಣಕಯಂತ್ರದ ‘ಡಿ’ ಡ್ರೈವ್ ಕಾಣದಾಯಿತು. ಗ್ರಾಮಸಭೆಯ ನಡವಳಿಗಳ ಸ್ಕ್ಯಾನ್ ಪ್ರತಿಗಳೂ ಕಾಮಗಾರಿಗಳ ಛಾಯಾಚಿತ್ರಗಳೂ ಅದರಲ್ಲಿಯೇ ಇದ್ದವು. ಬೇರೆ ಪ್ರತಿ ಇರಲಿಲ್ಲ. ಹಿಂದಿನ ದಿನವಷ್ಟೇ ಅದೇ ಯಂತ್ರಕ್ಕೆ ವಿಂಡೋಸ್ ಜೊತೆಗೆ ಉಬುಂಟುವನ್ನೂ ಅಳವಡಿಸಲಾಗಿತ್ತು. ದುರಸ್ತಿಗೆ ಬಂದವರು ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಎಂದರು. ನಾವು ಒಪ್ಪಲಿಲ್ಲ. ಪರಿಶೀಲಿಸಿದಾಗ ಆ ಭಾಗವು ಸುರಕ್ಷಿತವಾಗಿಯೇ ಇದ್ದು, ಅದಕ್ಕೆ ನೀಡಿದ್ದ ಅಕ್ಷರ ಮಾತ್ರ ತಪ್ಪಿಹೋಗಿತ್ತು. ಅಕ್ಷರವನ್ನು ಮತ್ತೆ ನೀಡಿದೊಡನೆ ಎಲ್ಲ ದಾಖಲೆಗಳೂ ದೊರೆತವು.

ಡಿಸ್ಕಿನ ಪ್ರತಿಯೊಂದು ಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಡಿಸ್ಕಿನ ಮೊದಲಲ್ಲಿರುವ ಒಂದು ಪಟ್ಟಿಯಲ್ಲಿ ನಮೂದಿಸಿರುತ್ತದೆ. ಜಿಪಿಟಿ ಪದ್ಧತಿಯ ಡಿಸ್ಕುಗಳಲ್ಲಿ ಇದರ ಇನ್ನೊಂದು ಪ್ರತಿ ಕೊನೆಯಲ್ಲಿಯೂ ಇರುತ್ತದೆ. ಇದು ಜಮೀನಿನ ನಕ್ಷೆಯಿದ್ದಂತೆ. ನಕ್ಷೆ ಹರಿದರೆ ಜಮೀನು ನಾಶವಾಗದು. ಆದರೆ ಆ ಜಾಗದಲ್ಲಿ ಹೊಸ ಕಟ್ಟಡ ಎದ್ದರೆ ಹಳೆಯದು ಮರಳದು.

ಪರಿಶೀಲನೆಗಾಗಿ ವಿಂಡೋಸ್‌ನ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಬೇಕು.

1. ಎನ್‌ಟಿಎಫ್‌ಎಸ್ ಎಂಬ ನಮೂದಿದ್ದು ಅಕ್ಷರವಿಲ್ಲದಿದ್ದರೆ, ಆ ಭಾಗದ ಮೇಲೆ ಬಲ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್’ ಆಯ್ಕೆಯಿಂದ ಅಕ್ಷರ ನೀಡಬೇಕು. ಸಿಸ್ಟಂ, ರಿಕವರಿ ಎಂದು ಬರೆದಿರುವ ಸಣ್ಣ ಭಾಗಗಳನ್ನು ಮುಟ್ಟಬಾರದು.

2. ಭಾಗವಿದ್ದು ಎನ್‌ಟಿಎಫ್‌ಎಸ್ ಎಂಬ ನಮೂದಿಲ್ಲದಿದ್ದರೆ, ಅದು ಉಬುಂಟುವಿನ ಭಾಗವಾಗಿರಬಹುದು. ಅದರ ಇಎಕ್ಸ್‌ಟಿ4 ವಿನ್ಯಾಸವನ್ನು ವಿಂಡೋಸ್ ತಾನಾಗಿ ಓದಲಾರದು. ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದರೆ ‘ಕ್ಯಾನ್ಸಲ್’ ಒತ್ತಿ, ಉಬುಂಟುವಿನಲ್ಲಿ ಯಂತ್ರವನ್ನು ಆರಂಭಿಸಿ ನೋಡಬೇಕು.

3. ‘ಅನ್‌ಅಲೊಕೇಟೆಡ್’ ಎಂದಿದ್ದರೆ ಪಟ್ಟಿಯ ನಮೂದೇ ಹೋಗಿದೆ ಎಂದರ್ಥ. ಕೂಡಲೇ ಯಂತ್ರದ ಬಳಕೆ ನಿಲ್ಲಿಸಬೇಕು. ಹೊಸ ವಾಲ್ಯೂಮ್ ರಚಿಸಕೂಡದು. ತಜ್ಞರು ಮೊದಲು ಇಡೀ ಡಿಸ್ಕನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಬಳಿಕ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶದಿಂದ ನಮೂದನ್ನು ಹುಡುಕಬಹುದು. ಆ ಜಾಗದಲ್ಲಿ ಈಗಾಗಲೇ ಬೇರೆ ಮಾಹಿತಿ ಬರೆದಿದ್ದರೆ ಅಷ್ಟು ಭಾಗ ಮರಳಿ ಸಿಗುವುದಿಲ್ಲ.

4. ಉಬುಂಟುವಿನಲ್ಲಿ ವಿಂಡೋಸ್ ಭಾಗ ತೆರೆಯದಿದ್ದರೆ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಕಾರಣವಾಗಿರಬಹುದು. ಈ ವ್ಯವಸ್ಥೆಯಲ್ಲಿ ಯಂತ್ರ ಪೂರ್ಣವಾಗಿ ಮುಚ್ಚಿರುವುದಿಲ್ಲ. ವಿಂಡೋಸ್‌ಗೆ ಮರಳಿ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ಶಟ್‌ಡೌನ್’ ಮಾಡಬೇಕು.

ಈ ಕೆಲಸಗಳನ್ನು ಸದಸ್ಯರು ಸ್ವತಃ ಮಾಡಬೇಕಾಗಿಲ್ಲ. ಆದರೆ ಕಚೇರಿಯ ದಾಖಲೆಗಳು ಗ್ರಾಮಸ್ಥರ ಸ್ವತ್ತು. ಆದುದರಿಂದ ಲಿಖಿತ ಅನುಮತಿಯಿಲ್ಲದೆ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಬಾರದೆಂದೂ, ಪ್ರತಿ ತಿಂಗಳು ದಾಖಲೆಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿಗೆ ತೆಗೆದು ಯಂತ್ರದಿಂದ ಬೇರ್ಪಡಿಸಿ ಬೀರುವಿನಲ್ಲಿ ಇಡಬೇಕೆಂದೂ ಸಾಮಾನ್ಯ ಸಭೆಯಲ್ಲಿ ನಿರ್ಣಯಿಸುವುದು ಸೂಕ್ತ. ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿರಿ: ನಮ್ಮ ದಾಖಲೆಗಳ ಎರಡನೆಯ ಪ್ರತಿ ಎಲ್ಲಿದೆ?