ಕಾರ್ಡಿನ ಮೇಲೆ ತಪ್ಪು ಹೊರಿಸುವ ಮುನ್ನ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಬಟನ್ ಒತ್ತಿದ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಗೇ ಇದ್ದರೆ ಎದೆ ಧಸಕ್ಕೆನ್ನುತ್ತದೆ ಕಣಮ್ಮ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ತಂದದ್ದಾದರೆ ಇನ್ನೂ ಹೆಚ್ಚು. ಆದರೂ ಆ ಗಳಿಗೆಯಲ್ಲಿ ಕಾರ್ಡ್ ಸತ್ತಿದೆ ಎಂದು ತೀರ್ಮಾನಿಸಬೇಡ. ಹಳೆಯ ಡೆಸ್ಕ್‌ಟಾಪಿನಲ್ಲಿ ಹೊಸ ಕಾರ್ಡ್ ಮುನಿಸಿಕೊಂಡಾಗ ಹೆಚ್ಚಿನ ಸಲ ಕಾರ್ಡ್ ನೆಟ್ಟಗೇ ಇರುತ್ತದೆ. ಅದಕ್ಕೆ ಬೇಕಾದದ್ದನ್ನು ಮೆಷಿನ್ ಕೊಡುತ್ತಿರುವುದಿಲ್ಲ. ಏನು ಕೊಡುತ್ತಿಲ್ಲ ಎನ್ನುವುದನ್ನು ತಾಳ್ಮೆಯಿಂದ ಹುಡುಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಕೇಬಲ್, ರ‍್ಯಾಮ್, ಬಯಾಸ್ ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೇ ಬದಲಿಸಿಬಿಟ್ಟರೆ ಆಮೇಲೆ ಮೆಷಿನ್ ಆನ್ ಆದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ಮೊದಲು ಕಾರ್ಡ್ ತೆಗೆದು, ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ, ಹಳೆಯ ಸ್ಥಿತಿಯಲ್ಲಿ ಆನ್ ಮಾಡು. ಬಂತೇ? ಹಾಗಾದರೆ ಮೆಷಿನ್ ಬದುಕಿದೆ. ಅಪ್ಪನ ಲೆಕ್ಕಪತ್ರ, ಮನೆಯವರ ಫೋಟೊ ಎಲ್ಲ ಅದರಲ್ಲೇ ಇದ್ದರೆ, ಮುಂದಿನ ಹೆಜ್ಜೆ ಇಡುವ ಮುಂಚೆ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟುಕೊ. ಆಮೇಲೆ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಕಾರ್ಡನ್ನು ಸ್ಲಾಟಿಗೆ ನೇರವಾಗಿ ಒತ್ತು. ಹಿಂದಿನ ಪ್ಲಾಸ್ಟಿಕ್ ಲಾಕ್ 'ಟಕ್' ಎನ್ನಬೇಕು. ಹಳೆಯ ಕ್ಯಾಬಿನೆಟ್ಟುಗಳಲ್ಲಿ ತಗಡು ಸ್ವಲ್ಪ ಬಾಗಿರುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಕಾರ್ಡಿನ ಇನ್ನೊಂದು ತುದಿ ಮೇಲೇಳುವುದು ಅದರಿಂದಲೇ. ಸ್ಕ್ರೂ ಹಾಕಿದ ಮೇಲೆ ಇನ್ನೊಮ್ಮೆ ಬೆರಳಿಂದ ಒತ್ತಿ ನೋಡು.

ಈಗ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು. ಅಭ್ಯಾಸಬಲದಿಂದ ಮದರ್‌ಬೋರ್ಡಿಗೇ ಹಾಕಿ ಕೂತವರು ಬಹಳ. ನಿನ್ನದು ನೀಲಿ ತಲೆಯ ವಿಜಿಎ ಕೇಬಲ್ಲಿನ ಮಾನಿಟರ್ ಆದರೆ ಅಲ್ಲೊಂದು ತೊಡಕಿದೆ. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳಿಂದಲೇ ಎನ್‌ವಿಡಿಯಾ ಅನಲಾಗ್ ಸಿಗ್ನಲ್ ಕೊಡುವುದನ್ನು ಬಿಟ್ಟಿದೆ. ಪಿನ್ನುಗಳನ್ನಷ್ಟೇ ಜೋಡಿಸುವ ಅಗ್ಗದ ಅಡಾಪ್ಟರ್ ಇಲ್ಲಿ ಏನೂ ಮಾಡದು. ಒಳಗೆ ಚಿಪ್ ಇರುವ, ಎಚ್‌ಡಿಎಂಐಯನ್ನು ವಿಜಿಎ ಆಗಿ ಬದಲಿಸುವ ಕನ್ವರ್ಟರ್ ಬೇಕು.

ಇಷ್ಟಾದರೂ ಬರದಿದ್ದರೆ ಮೆಷಿನ್ನಿಗೆ ಪವರ್ ಕೊಡುವ ಎಸ್‌ಎಂಪಿಎಸ್ ಕಡೆ ತಿರುಗು. ನನ್ನ ಮಟ್ಟಿಗೆ ನೀನು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಹಳೆಯ ಮನೆಯ ವೈರಿಂಗಿಗೆ ಹೊಸ ಗೀಸರ್ ಹಾಕಿದಂಥ ಪರಿಸ್ಥಿತಿ ಇಲ್ಲಿರುತ್ತದೆ. ಸ್ಲಾಟ್ ಮೂಲಕ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ 6 ಪಿನ್ನಿನ ವೈರಿನಿಂದ ಇನ್ನೊಂದು 75, ಇಲ್ಲವೇ 8 ಪಿನ್ನಿನ ವೈರಿನಿಂದ 150 ವಾಟ್ ಬರಬೇಕು. ಎಸ್‌ಎಂಪಿಎಸ್ ಮೇಲೆ ದಪ್ಪಕ್ಷರದಲ್ಲಿ '450' ಎಂದಿದ್ದರೆ ಅಷ್ಟಕ್ಕೇ ನಂಬಬೇಡ. ಪಕ್ಕದ ಸ್ಟಿಕ್ಕರಿನಲ್ಲಿ +12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ 12ರಿಂದ ಗುಣಿಸು. ಅಲ್ಲಿ 16 ಆಂಪಿಯರ್ ಇದ್ದರೆ ಸಿಗುವುದು 192 ವಾಟ್ ಮಾತ್ರ, ಪ್ರೊಸೆಸರ್ ತನ್ನ ಪಾಲನ್ನು ತೆಗೆದುಕೊಳ್ಳುವುದೂ ಅದರಿಂದಲೇ. ವಿಂಡೋಸ್ ಚೆನ್ನಾಗಿ ಬಂದು, ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ರೆಂಡರ್ ಶುರು ಮಾಡಿದ ತಕ್ಷಣ ಮೆಷಿನ್ ದಪ್ಪನೆ ಆಫ್ ಆದರೆ, ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೇ.

ಇನ್ನು ಆ ಕನೆಕ್ಟರುಗಳ ವಿಷಯ. ಇದನ್ನು ನೀನು ಮರೆಯಲೇಬಾರದು. 6 ಪಿನ್ನಿನ ವೈರ್ ಇಲ್ಲವೆಂದು ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ವೈರಿನಿಂದ 6 ಪಿನ್ ಮಾಡಿಕೊಳ್ಳುವ ಅಡಾಪ್ಟರ್ ಮಾರುತ್ತಾರೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಸಣ್ಣ ಪಿನ್, ಒಂದೊಂದೂ 1.5 ಆಂಪಿಯರ್ ತಾಳುತ್ತದೆ. ಒಟ್ಟು 54 ವಾಟ್. ಅದರಿಂದ 75 ಎಳೆದರೆ ಪ್ಲಾಸ್ಟಿಕ್ ಮೊದಲು ಕಂದು ತಿರುಗುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಕೊನೆಗೆ ಸುಟ್ಟ ವಾಸನೆ ಬರುತ್ತದೆ. ಆ ಅಡಾಪ್ಟರನ್ನು ಯಾರು ಕೊಟ್ಟರೂ ಬೇಡವೆನ್ನು. ಒಳ್ಳೆಯ ಎಸ್‌ಎಂಪಿಎಸ್ಸಿಗೆ ದುಡ್ಡು ಹೊಂದಿಸಲು ಇನ್ನೊಂದು ತಿಂಗಳು ಕಾಯಬೇಕಾಗಿ ಬಂದರೆ ಕಾಯಿ. ಹಳೆಯದನ್ನು ಬಿಚ್ಚಿ ರಿಪೇರಿ ಮಾಡುತ್ತೇನೆಂದು ಮಾತ್ರ ಹೊರಡಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆದರೆ ಹೊಸ ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಬೋರ್ಡಿನ ಪವರ್ ಕನೆಕ್ಟರ್ ನೋಡು. ಕೆಲವಕ್ಕೆ ಎಲ್ಲ ಕಡೆ ಸಿಗುವ 24 ಪಿನ್ ಕೂರುವುದೇ ಇಲ್ಲ. ಅಂಥ ಮೆಷಿನ್ನಿಗೆ ಸ್ಲಾಟಿನ 75 ವಾಟಿನಲ್ಲೇ ನಡೆಯುವ ಕಾರ್ಡ್ ಕ್ಷೇಮ. ಜಿಟಿಎಕ್ಸ್ 1650ರ ಕೆಲವು ಮಾದರಿಗಳು ಹಾಗೆ ನಡೆಯುತ್ತವೆ.

ಪವರ್ ಸರಿಯಿದೆ ಎಂದಾದರೆ ಬಯಾಸ್. ವಿಂಡೋಸ್ 8 ಬರುವ ಮುಂಚಿನ ಬೋರ್ಡುಗಳು, ಅಂದರೆ 2012ಕ್ಕಿಂತ ಹಿಂದಿನವು, ಹೊಸ ಕಾರ್ಡನ್ನು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ತಯಾರಕರ ಸೈಟಿನಲ್ಲಿ ಬಯಾಸ್ ಅಪ್‌ಡೇಟ್ ಇದ್ದರೆ ಹಾಕು. ಯುಪಿಎಸ್ ಇಲ್ಲದೆ ಮಾತ್ರ ಅದಕ್ಕೆ ಕೈ ಹಾಕಬೇಡ, ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಬಿಡಬಹುದು. ಸೆಟ್ಟಿಂಗ್ ಕೆಟ್ಟಿದೆ ಎನಿಸಿದರೆ ಪವರ್ ಕಿತ್ತು, ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕು. ಸಿಎಸ್‌ಎಂ ಎಂಬ ಆಯ್ಕೆಯನ್ನು ಸುಮ್ಮನೆ ಆಫ್ ಮಾಡಬೇಡ. ಹಳೆಯ ಕ್ರಮದಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್ ಆಮೇಲೆ ಬೂಟ್ ಆಗುವುದಿಲ್ಲ.

ಚಿತ್ರ ಬಂದ ಮೇಲೆ ಉಳಿಯುವುದು ಡ್ರೈವರ್. ಸೇಫ್ ಮೋಡಿನಲ್ಲಿ ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದನ್ನು ಹಾಕು. ವಿಂಡೋಸ್ 7ಕ್ಕೆ ಎನ್‌ವಿಡಿಯಾ 2021ರಲ್ಲೇ ಹೊಸ ಗೇಮ್ ರೆಡಿ ಡ್ರೈವರ್ ನಿಲ್ಲಿಸಿದೆ, ಇನ್ನೂ ಅದರಲ್ಲೇ ಇದ್ದರೆ ಮೊದಲು ವಿಂಡೋಸ್ ಬದಲಿಸು.

ಎಲ್ಲ ಸರಿಯಿದ್ದೂ ವೇಗ ಸಿಗದಿದ್ದರೆ ಕಾರ್ಡ್ ಆರಿಸುವುದರಲ್ಲೇ ಎಡವಟ್ಟಾಗಿರಬಹುದು. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟಿನ 16 ಲೇನುಗಳಲ್ಲಿ ಬಳಸುವುದು ನಾಲ್ಕನ್ನೇ. ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಅದು ಸಾಕಾಗುತ್ತದೆ, 3.0 ಸ್ಲಾಟಿನಲ್ಲಿ ಹಲವು ಗೇಮುಗಳು ಮಂದವಾಗುತ್ತವೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ಹಳೆಯ ಬಹುತೇಕ ಬೋರ್ಡುಗಳಲ್ಲಿ ಅದಿಲ್ಲ. ಕಾರ್ಡ್ ಇನ್ನೂ ಕೊಂಡಿಲ್ಲದಿದ್ದರೆ ಬೋರ್ಡಿನ ಮಾದರಿ ಸಂಖ್ಯೆ ಮತ್ತು ಎಸ್‌ಎಂಪಿಎಸ್ ಸ್ಟಿಕ್ಕರಿನ ಫೋಟೊ ಮೊಬೈಲಿನಲ್ಲಿಟ್ಟುಕೊಂಡೇ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗು.

ಇಷ್ಟೂ ಮಾಡಿ ನೋಡಿದ ಮೇಲೂ ಬರದಿದ್ದರೆ, ಗೆಳತಿಯ ಹೊಸ ಮೆಷಿನ್ನಿನಲ್ಲಿ ಕಾರ್ಡ್ ಹಾಕಿ ನೋಡು. ಅಲ್ಲೂ ಬರಲಿಲ್ಲವೆಂದರೆ ಆಗ ಧೈರ್ಯವಾಗಿ ವಾಪಸ್ ಒಯ್ಯಿ. ಬಿಲ್, ಡಬ್ಬ, ಸೀರಿಯಲ್ ನಂಬರಿನ ಸ್ಟಿಕ್ಕರ್ ಯಾವುದನ್ನೂ ಎಸೆದಿರಬಾರದು. ಕೌಂಟರಿನಲ್ಲಿ ಏನೇನು ಮಾಡಿ ನೋಡಿದೆ ಎಂದು ಕೇಳುತ್ತಾರೆ. ಒಂದು ಚೀಟಿಯಲ್ಲಿ ಕ್ರಮವಾಗಿ ಬರೆದುಕೊಂಡು ಹೋಗು.