ಕಮಿಷನ್ ಪಡೆದು ಮಾಡುವ ಶಿಫಾರಸೂ ಕೊಳ್ಳುವವನ ಸಂದೇಹವೂ

ಬಿತ್ತನೆಯ ಕಾಲವು ಸಮೀಪಿಸಿತೆಂದರೆ ಬೀಜ, ಗೊಬ್ಬರ, ಔಷಧಿಗಳ ವ್ಯಾಪಾರವು ಚುರುಕಾಗುವುದು. ಈ ವ್ಯಾಪಾರವು ಈಗ ಪೇಟೆಯ ಅಂಗಡಿಗಳಲ್ಲಿ ಮಾತ್ರ ನಡೆಯುತ್ತಿಲ್ಲ. ನಾಲ್ಕು ಜನರು ಮಾತು ಕೇಳುವಂಥ ಒಬ್ಬ ಜಮೀನುದಾರರನ್ನು ಕಂಪನಿಯವರು ಆರಿಸಿಕೊಂಡು, ಅವರ ಹೊಲದ ಬದುವಿನಲ್ಲಿ ತಮ್ಮ ಹೆಸರಿನ ಹಲಗೆಯನ್ನು ನೆಟ್ಟು, ಅವರ ಮಾತಿನ ಮೇಲೆ ಮಾರಾಟವಾದ ಪ್ರತಿಯೊಂದು ಚೀಲಕ್ಕೂ ಇಷ್ಟೆಂದು ಕಮಿಷನ್ ಕೊಡುವ ಪದ್ಧತಿಯು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಮೊಬೈಲ್ ಫೋನಿನ ಮೂಲಕ ನಡೆಯುವ ವ್ಯಾಪಾರದಲ್ಲಿಯೂ ಇದೇ ಕ್ರಮವುಂಟು. ಶಿಫಾರಸು ಮಾಡಿದವರಿಗೆ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿದ್ದು, ಅದನ್ನು ನಮೂದಿಸಿ ಕೊಂಡವರ ಲೆಕ್ಕದಲ್ಲಿ ಅವರಿಗೆ ಪಾಲು ಸೇರುವುದು.

ಕಮಿಷನ್ ಪಡೆಯುವುದೇ ದೋಷವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಂಡಿಯಲ್ಲಿ ದಲ್ಲಾಳಿಯು ತನ್ನ ರುಸುಮನ್ನು ತೆಗೆದುಕೊಳ್ಳುತ್ತಾನೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಮಂಡಿಯಲ್ಲಿ ದಲ್ಲಾಳಿಯು ದಲ್ಲಾಳಿಯೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಗ್ರಾಮದಲ್ಲಿ ಹಾಗಲ್ಲ. 1961ರ ಕಾಯಿದೆಯಿಂದ ಪಟೇಲಿಕೆ ಶಾನುಭೋಗಿಕೆಗಳು ರದ್ದಾದುವಾದರೂ, ಗೌಡರ ಮನೆಯ ಮಾತಿಗೆ, ಊರ ಯಜಮಾನರ ಮಾತಿಗೆ ಇರುವ ತೂಕವು ಕಾಯಿದೆಯಿಂದ ಹೋಗತಕ್ಕದ್ದಲ್ಲ. ಎರಡು ಎಕರೆಯ ರೈತನು ಅವರ ಬಾಯಿಂದ ಒಂದು ಬೀಜದ ಹೆಸರನ್ನು ಕೇಳಿದಾಗ ಅದನ್ನು ಹಿರಿಯರ ಬುದ್ಧಿವಾದವೆಂದು ತೆಗೆದುಕೊಳ್ಳುವನೇ ಹೊರತು ವ್ಯಾಪಾರದ ಮಾತೆಂದಲ್ಲ. ಆದಕಾರಣ ಚೀಲಕ್ಕೆ ತಮಗೆ ದೊರೆಯುವುದು ಐದು ರೂಪಾಯಿಯೇ ಆಗಲಿ ಐವತ್ತೇ ಆಗಲಿ, ಅದನ್ನು ಮೊದಲ ಮಾತಿನಲ್ಲಿಯೇ ತಿಳಿಸಿಬಿಡುವುದು ಶಿಫಾರಸು ಮಾಡುವವರ ಮೊದಲನೆಯ ಕರ್ತವ್ಯವು. ಹೇಳಿದರೆ ಮಾರಾಟ ತಪ್ಪೀತೆಂಬ ಭಯವು ಕೆಲವರಲ್ಲಿದೆ. ತಾನಾಗಿ ಹೇಳಿದವರ ಮಾತಿಗೆ ಬೆಲೆ ಇಳಿಯುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಬೇರೆಯವರಿಂದ ಸಂಗತಿಯು ಹೊರಬಿದ್ದರೆ ಮಾತ್ರ ಹಿಂದಿನ ಒಳ್ಳೆಯ ಸಲಹೆಗಳೂ ಅದರೊಡನೆಯೇ ಕೆಟ್ಟುಹೋಗುವುವು.

ಇದರಲ್ಲಿ ಅಡಗಿರುವ ನಷ್ಟವು ಬೀಜದ ಕ್ರಯವಷ್ಟೇ ಅಲ್ಲ. ಬೀಜವು ಮೊಳೆಯದಿದ್ದರೆ ವಾರ ಹತ್ತು ದಿನಗಳಲ್ಲಿ ಗೊತ್ತಾಗುವುದು. ಹದವು ಉಳಿದಿದ್ದರೆ ಮರುಬಿತ್ತನೆಯಾದರೂ ಸಾಧ್ಯ. ತಳಿಯೇ ಆ ಭೂಮಿಗೂ ಆ ಕಾಲಕ್ಕೂ ಒಗ್ಗದ್ದಾದರೆ ತೆನೆ ಕಟ್ಟುವವರೆಗೂ ತಿಳಿಯುವುದಿಲ್ಲ. ಅಷ್ಟರಲ್ಲಿ ಉಳುಮೆ, ಗೊಬ್ಬರ, ಕಳೆಯ ಕೂಲಿ ಎಲ್ಲವೂ ಭೂಮಿಗೆ ಸೇರಿರುತ್ತವೆ, ವರ್ಷವೂ ಹೋಗಿರುತ್ತದೆ.

ಕೊಳ್ಳುವವನು ಸಂಶಯಪಟ್ಟರೆ ಅವನನ್ನು ಮೊಂಡನೆಂದೂ ಹೊಸದನ್ನು ಒಲ್ಲದವನೆಂದೂ ಎಣಿಸುವ ರೂಢಿಯೊಂದು ನಮ್ಮಲ್ಲಿದೆ. ನಮ್ಮ ಇಲಾಖೆಯವರೂ ಇದಕ್ಕೆ ಹೊರತಲ್ಲ. ವಿಚಾರಿಸಿ ನೋಡಿದರೆ ಅವನ ಸಂಶಯಗಳಲ್ಲಿ ಬಹುಭಾಗವು ತನ್ನ ಹೊಲವನ್ನು ತಾನು ಬಲ್ಲನಾದುದರಿಂದ ಹುಟ್ಟಿದುದೆಂದು ಕಾಣುವುದು. "ತಮ್ಮದು ಕೆರೆಯ ಕೆಳಗಿನ ಭೂಮಿ, ನನ್ನದು ದಿಣ್ಣೆಯ ಮರಳು ನೆಲ, ನನ್ನಲ್ಲಿ ಬಂದೀತೇ?" ಎಂದು ಕೇಳುವವನಿಗೆ "ಎಲ್ಲಾ ಭೂಮಿಗೂ ಬರುತ್ತದೆ" ಎಂದು ಉತ್ತರಕೊಡುವುದು ಶಿಫಾರಸಲ್ಲ. ರಾಗಿಯನ್ನೇ ತೆಗೆದುಕೊಳ್ಳೋಣ. ಎಂ.ಆರ್. 6 ಎಂಬುದು ಸುಮಾರು 120 ದಿನಗಳಿಗೂ ಮೇಲ್ಪಟ್ಟು ಕಾಲ ತೆಗೆದುಕೊಳ್ಳುವ ತಳಿ, ಜಿ.ಪಿ.ಯು. 28 ಎಂಬುದು 110ರಿಂದ 115 ದಿನಗಳದು, ಬೆಂಕಿರೋಗವನ್ನು ತಡೆಯುವುದರಿಂದ ಬಹಳ ಹೆಸರಾದುದು, ಜಿ.ಪಿ.ಯು. 48 ಎಂಬುದು 95ರಿಂದ 100 ದಿನಗಳಲ್ಲಿ ಕೊಯ್ಲಿಗೆ ಬರುವುದು. ಮಳೆಯು ಹಿಂದುಳಿದು ಆಗಸ್ಟ್ ಅರ್ಧ ಕಳೆದ ಮೇಲೆ ಮಳೆಯಾಧಾರದ ಹೊಲದಲ್ಲಿ ಬಿತ್ತುವವನಿಗೆ ದೀರ್ಘಕಾಲದ ತಳಿಯನ್ನು ಹೇಳಿದರೆ, ಕಾಳು ಕಟ್ಟುವ ಹೊತ್ತಿಗೆ ಭೂಮಿಯಲ್ಲಿ ತೇವವಿರಲಾರದು. ತಮ್ಮ ಕಮಿಷನ್ನಿರುವುದು ದೀರ್ಘಕಾಲದ ತಳಿಯ ಚೀಲಕ್ಕೇ ಆಗಿದ್ದರೂ, "ಈ ವರ್ಷ ಇದು ನಿನಗೆ ಬೇಡ" ಎನ್ನಬೇಕಾದ ಸಮಯವು ಅದೇ.

ಇನ್ನೊಂದು ಮಾತನ್ನು ಮಾರುವವರು ಹೇಳದೆ ಬಿಡುವುದುಂಟು. ರಾಗಿಯು ತನ್ನಲ್ಲಿಯೇ ಪರಾಗ ಸೇರಿ ಕಾಳು ಕಟ್ಟುವ ಪೈರಾದುದರಿಂದ, ಒಂದಾವೃತ್ತಿ ಒಳ್ಳೆಯ ಬೀಜವನ್ನು ಕೊಂಡವನು ಬೆರಕೆಯ ಗಿಡಗಳನ್ನು ಕಿತ್ತು ತೆಗೆದು ತನ್ನ ಹೊಲದ ಬೀಜವನ್ನೇ ಮುಂದಿನ ಎರಡು ಮೂರು ವರ್ಷ ಬಿತ್ತಬಹುದು. ಹೈಬ್ರಿಡ್ ಮುಸುಕಿನ ಜೋಳದಲ್ಲಿ ಹೀಗೆ ಮಾಡಲಾಗದು. ಪ್ರತಿವರ್ಷವೂ ಹೊಸ ಬೀಜವನ್ನೇ ಕೊಳ್ಳಬೇಕು. ಮೊದಲನೆಯದನ್ನು ತಿಳಿಸಿದರೆ ಕಮಿಷನ್ ಕಡಿಮೆಯಾಗುವುದು, ಎರಡನೆಯದನ್ನು ತಿಳಿಸಿದರೆ ಕೊಳ್ಳುವವನು ಹಿಂಜರಿದಾನು. ಎರಡನ್ನೂ ತಿಳಿಸತಕ್ಕದ್ದು.

ಹಲಗೆ ನೆಟ್ಟ ಹೊಲಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಇಂಥ ಹೊಲಕ್ಕೆ ಕಂಪನಿಯವರು ಬೀಜವನ್ನು ಬಿಟ್ಟಿಯಾಗಿ ಕೊಟ್ಟು, ಗೊಬ್ಬರವನ್ನು ಹೆಚ್ಚಾಗಿ ಹಾಕಿಸಿ, ತಮ್ಮ ಆಳನ್ನೇ ಕಳುಹಿಸಿ ಔಷಧಿ ಹೊಡೆಸಿದ್ದರೆ, ಅಲ್ಲಿ ಬಂದ ಇಳುವರಿಯು ಬೀಜದ್ದೋ, ಗೊಬ್ಬರದ್ದೋ, ಆರೈಕೆಯದೋ ಹೇಳುವುದು ಹೇಗೆ? ನೋಡಲು ಬಂದ ಪಕ್ಕದ ಊರಿನವನು ತೆನೆಯನ್ನು ಮಾತ್ರ ನೋಡಿಕೊಂಡು ಹೋಗುತ್ತಾನೆ. ಹೊಲದ ಒಡೆಯರಾದವರು ಆ ಹೊಲದ ಪಕ್ಕದಲ್ಲಿಯೇ, ಅದೇ ದಿನ, ಅದೇ ಗೊಬ್ಬರದಲ್ಲಿ ತಮ್ಮ ಹಳೆಯ ತಳಿಯನ್ನೂ ಒಂದು ಪಟ್ಟಿಯಷ್ಟು ಬಿತ್ತಿಡಲಿ. ಕೊಯ್ಲಿನಲ್ಲಿ ಎರಡರ ನಡುವೆಯೂ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಅಳೆದು, ಅದರೊಳಗಿನ ಪೈರನ್ನು ಬೇರೆಯಾಗಿ ಕೊಯ್ದು, ಬಡಿದು, ಒಣಗಿಸಿ ತೂಗಬೇಕು. ಆ ಚೌಕದಲ್ಲಿ ದೊರೆತ ಒಂದು ಕಿಲೋಗ್ರಾಂ ಎಂದರೆ ಎಕರೆಗೆ ಸುಮಾರು 162 ಕಿಲೋಗ್ರಾಂ ಎಂದು ಲೆಕ್ಕ. ಚೌಕವನ್ನು ಚೆನ್ನಾದ ಜಾಗದಲ್ಲಿಯೇ ಆರಿಸಬಾರದು. ಸಂಶಯಪಡುವವನಿಂದಲೇ ಜಾಗವನ್ನು ತೋರಿಸಿಕೊಳ್ಳುವುದು ಉತ್ತಮ. ಕೊಳ್ಳುವವನಿಗೆ ತೋರಿಸಬೇಕಾದುದು ಈ ಎರಡು ತೂಕಗಳನ್ನು, ಹಲಗೆಯನ್ನಲ್ಲ.

"ಈ ಬೀಜ ಮೊಳೆಯುವುದೆಂದು ಏನು ನಂಬಿಕೆ?" ಎಂಬುದು ಮುಂದಿನ ಸಂಶಯ. ಇದಕ್ಕೆ ಮಾತಿನ ಉತ್ತರವು ಬೇಕಾಗಿಯೇ ಇಲ್ಲ. ಚೀಲದ ಚೀಟಿಯನ್ನು ಮೊದಲು ನೋಡಿರಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಹಸಿರು ಚೀಟಿಯಿದ್ದರೆ ಗುಣದ ವಿಷಯದಲ್ಲಿ ಮಾರುವವನು ತಾನೇ ಬರೆದುಕೊಟ್ಟ ಹೇಳಿಕೆಯೆಂದು ಅರ್ಥ. ಹಸಿರು ಚೀಟಿಯದೆಲ್ಲಾ ಕೆಟ್ಟದ್ದೆಂದಲ್ಲ, ಆದರೆ ಅದನ್ನು "ಸರ್ಕಾರದ ಮುದ್ರೆಯಾದದ್ದು" ಎಂದು ಹೇಳಬಾರದು. ಮೊಳಕೆಯ ಪ್ರಮಾಣವೂ, ಪರೀಕ್ಷೆಯಾದ ತಾರೀಖೂ, ಅವಧಿಯೂ, ಲಾಟಿನ ಸಂಖ್ಯೆಯೂ ಅದರಲ್ಲಿರುತ್ತವೆ. ಪ್ರಮಾಣಿತ ಬೀಜವು ನೂರಕ್ಕೆ ಭತ್ತವಾದರೆ 80, ರಾಗಿಯಾದರೆ 75, ನೆಲಗಡಲೆಯಾದರೆ 70ಕ್ಕೆ ಕಡಿಮೆಯಿಲ್ಲದಂತೆ ಮೊಳೆಯಬೇಕು. ಊರಿನ ಹಲವರು ಒಂದೇ ಲಾಟಿನ ಬೀಜವನ್ನು ಕೊಳ್ಳುವುದಾದರೆ, ಮೊದಲು ಒಂದೇ ಒಂದು ಚೀಲವನ್ನು ತರಿಸಿ, ಎಣಿಸಿ ತೆಗೆದ ನೂರು ಕಾಳುಗಳನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಸಾಲಿಗೆ ಹತ್ತರಂತೆ ಇಟ್ಟು, ಸಡಿಲವಾಗಿ ಸುತ್ತಿ ನೆರಳಿನಲ್ಲಿರಿಸಿ, ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಇಂಥ ಮೂರು ನಾಲ್ಕು ಸುರುಳಿಗಳಿದ್ದರೆ ಲೆಕ್ಕವು ಹೆಚ್ಚು ನಂಬಿಕೆಗೆ ಅರ್ಹವಾಗುವುದು. ಮುಸುಕಿನ ಜೋಳವನ್ನು ಏಳನೆಯ ದಿನ, ರಾಗಿಯನ್ನು ಎಂಟನೆಯ ದಿನ, ಭತ್ತವನ್ನು ಹದಿನಾಲ್ಕನೆಯ ದಿನ ಬಿಚ್ಚಿ, ಬೇರೂ ಮೊಳಕೆಯೂ ಸರಿಯಾಗಿರುವುವನ್ನು ಮಾತ್ರ ಎಣಿಸತಕ್ಕದ್ದು. ಬಣ್ಣ ಹಚ್ಚಿದ ಬೀಜಕ್ಕೆ ವಿಷವು ಸೇರಿರುತ್ತದೆಯಾದುದರಿಂದ ಕೈತೊಳೆಯುವುದನ್ನು ಮರೆಯಬಾರದು. ಮಿಕ್ಕದ್ದನ್ನು ಕೋಳಿಗೂ ದನಕ್ಕೂ ಹಾಕಕೂಡದು. ಈ ಪರೀಕ್ಷೆಯನ್ನು ಯಜಮಾನರ ಜಗಲಿಯ ಮೇಲೆ ಎಲ್ಲರೆದುರಿಗೆ ನಡೆಸಿದರೆ ಮೊಳಕೆಯ ವಿಷಯದಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ಬೆಲೆಯ ಸಂಶಯಕ್ಕೂ ಲೆಕ್ಕವೇ ಉತ್ತರ. 45 ಕಿಲೋಗ್ರಾಂ ಯೂರಿಯಾ ಚೀಲದಲ್ಲಿ ನೂರಕ್ಕೆ 46ರಂತೆ 20 ಕಿಲೋಗ್ರಾಂ 700 ಗ್ರಾಂ ಸಾರಜನಕವಿದೆ. ಬಣ್ಣದ ಸೀಸೆಯಲ್ಲಿ ಬರುವ ಒಂದು ಲೀಟರ್ ದ್ರವದ ಮೇಲೆ ನೂರಕ್ಕೆ 4 ಭಾಗ ಸಾರಜನಕವೆಂದು ಬರೆದಿದ್ದರೆ ಅದರಲ್ಲಿರುವುದು ಸುಮಾರು 40 ಗ್ರಾಂ. ಎಲೆಯ ಮೇಲೆ ಸಿಂಪಡಿಸುವ ಗೊಬ್ಬರಕ್ಕೆ ಅದರದೇ ಆದ ಉಪಯೋಗವುಂಟು. ಆದರೆ ಅದು ಭೂಮಿಗೆ ಹಾಕುವ ಗೊಬ್ಬರಕ್ಕೆ ಸಮವೆಂದು ಹೇಳುವ ಮೊದಲು ಶಿಫಾರಸು ಮಾಡುವವರು ಈ ಗುಣಾಕಾರವನ್ನು ತಾವು ಒಮ್ಮೆ ಮಾಡಿ ನೋಡಲಿ.

ಮಲೆನಾಡಿನ ತೋಟಗಾರರಿಗೆ ಬೇರೊಂದು ಉದಾಹರಣೆಯನ್ನು ಕೊಡಬಹುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪ್ರಚಾರಕ್ಕೆ ತಂದರು. ಅದು ಇಂದಿಗೂ ನಿಂತಿದೆ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು. ಸರಿಯಾಗಿ ಕೂಡಿದೆಯೋ ಇಲ್ಲವೋ ಎಂಬುದನ್ನು ಉಜ್ಜಿದ ಕಬ್ಬಿಣದ ಚೂರಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ಯಾರು ಬೇಕಾದರೂ ಕಾಣಬಹುದು. ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕೊಳ್ಳುವವನ ಕೈಗೇ ಪರೀಕ್ಷೆಯನ್ನು ಕೊಡುವ ಶಿಫಾರಸೆಂದರೆ ಇದು. ಅದರ ಮಿತಿಯನ್ನೂ ಹೇಳಬೇಕು: ಮಳೆ ಹಿಡಿಯುವ ಮೊದಲೇ ಒಂದಾವೃತ್ತಿ, 40–45 ದಿನಗಳ ಮೇಲೆ ಮತ್ತೊಂದಾವೃತ್ತಿ ಹೊಡೆದರೆ ರೋಗವನ್ನು ತಡೆಯುವುದೇ ಹೊರತು, ಕೊಳೆತ ಕಾಯಿಯನ್ನು ಸರಿಪಡಿಸದು.

ಶೃಂಗೇರಿ, ಕೊಪ್ಪದ ಸೀಮೆಯ ಹಳದಿ ಎಲೆ ರೋಗದ ಸ್ಥಿತಿಯು ಇದಕ್ಕೆ ವಿರುದ್ಧವಾದುದು. ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ ಈ ರೋಗವನ್ನು ಗುಣಪಡಿಸುವ ಔಷಧಿಯು ದೊರೆತಿಲ್ಲ. ಬಸಿಗಾಲುವೆಯನ್ನು ಸರಿಯಿಟ್ಟು ಗೊಬ್ಬರವನ್ನು ಕ್ರಮವಾಗಿ ಕೊಟ್ಟರೆ ಮರವು ಸ್ವಲ್ಪ ಕಾಲ ತಾಳಿಕೊಳ್ಳಬಹುದು. ತೋಟವು ಕಣ್ಣೆದುರಿಗೆ ಹೋಗುತ್ತಿರುವಾಗ ಒಡೆಯನು ಯಾವ ಪುಡಿಯನ್ನಾದರೂ ಕೊಳ್ಳಲು ಸಿದ್ಧನಾಗಿರುತ್ತಾನೆ. ಸಂಶಯಪಡುವ ಶಕ್ತಿಯೂ ಅವನಲ್ಲಿ ಉಳಿದಿರುವುದಿಲ್ಲ. ಅವನಿಗೆ "ಇದರಿಂದ ರೋಗ ವಾಸಿಯಾಗುತ್ತದೆ" ಎಂದು ಹೇಳಿ ಕಮಿಷನ್ ಪಡೆಯುವುದನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ವಾಚಕರಿಗೇ ಬಿಡುತ್ತೇನೆ.

ಯಜಮಾನರ ಬಾಯಲ್ಲಿ ಶಿಫಾರಸು ಹೇಗಿರಬೇಕೆಂದು ಕೇಳಿದರೆ, ಸುಮಾರಾಗಿ ಹೀಗೆ:

"ಗೌಡರೇ, ಈ ಬೀಜದಲ್ಲಿ ತಮಗೇನಾದರೂ ಉಂಟೋ?"

"ಉಂಟಪ್ಪಾ. ಚೀಲಕ್ಕೆ ಇಷ್ಟೆಂದು ಕಂಪನಿಯವರು ಕೊಡುತ್ತಾರೆ. ಹೋದ ವರ್ಷ ಬೀಜವನ್ನು ಬಿಟ್ಟಿಯಾಗಿಯೇ ಕೊಟ್ಟರು. ನನ್ನ ಹಳೆಯ ರಾಗಿಗಿಂತ ಹೆಚ್ಚು ಬಂತು, ತೂಕ ಬರೆದಿಟ್ಟಿದ್ದೇನೆ, ನೋಡು. ಆದರೆ ನನ್ನದಕ್ಕೆ ಎರಡು ಸಲ ನೀರು ಕೊಟ್ಟಿದ್ದೆ. ನಿನ್ನಂಥ ದಿಣ್ಣೆಯ ಹೊಲದಲ್ಲಿ ಹಾಕಿದವರನ್ನು ನಾನು ಕಾಣೆ. ಬೇಕಾದರೆ ಹತ್ತು ಗುಂಟೆಗೆ ಹಾಕು. ಮಿಕ್ಕದ್ದಕ್ಕೆ ನಿನ್ನ ಬೀಜವೇ ಇರಲಿ."

ಕಾನೂನಿನ ಮಾತನ್ನೂ ತಿಳಿದಿರುವುದು ಒಳ್ಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿನಲ್ಲಿ ಶಿಫಾರಸು ಮಾಡಿದವರಿಗೂ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹೇಳುವ ಮೊದಲು ತಕ್ಕಷ್ಟು ವಿಚಾರಿಸಿ ನೋಡಿದವರಿಗೆ ವಿನಾಯಿತಿಯಿದೆ. 2022ರ ಮಾರ್ಗಸೂಚಿಗಳು ಮಾರುವವರೊಡನೆ ಇರುವ ಹಣದ ಸಂಬಂಧವನ್ನು ತಿಳಿಸಬೇಕೆಂದು ವಿಧಿಸಿವೆ. ಅರಳಿಕಟ್ಟೆಯ ಮಾತುಕತೆಗೆ ಇವು ಬರುವುವೆಂದು ನಾನು ಹೇಳುತ್ತಿಲ್ಲ. ಫೋನಿನ ಮೂಲಕ ನೂರಾರು ಜನರಿಗೆ ಚಿತ್ರಸಹಿತ ಹೊಗಳಿಕೆಯನ್ನು ಕಳುಹಿಸುವವರು ಮಾತ್ರ ನೆನಪಿನಲ್ಲಿಡಬೇಕು. ಹೆಸರು ಹೇಳುವುದು ಬೇರೆ, ಮಾಲನ್ನು ಕೊಟ್ಟಿಗೆಯಲ್ಲಿಟ್ಟು ಮಾರುವುದು ಬೇರೆ ಎಂಬುದನ್ನೂ ಮರೆಯಬಾರದು. ಬೀಜ, ಗೊಬ್ಬರ, ಕೀಟನಾಶಕಗಳನ್ನು ಮಾರುವುದಕ್ಕೆ ಪರವಾನಗಿಯು ಅವಶ್ಯಕ.

ಕಡೆಯ ಸಂಶಯವು "ಕೆಟ್ಟರೆ ಏನು ಗತಿ?" ಎಂಬುದು. ಚೀಟಿ, ಖಾಲಿ ಚೀಲ, ರಶೀದಿ, ಒಂದು ಹಿಡಿ ಬೀಜ, ಇಷ್ಟನ್ನು ಕೊಯ್ಲಾಗುವವರೆಗೆ ತೆಗೆದಿಟ್ಟುಕೊಳ್ಳುವಂತೆ ಕೊಳ್ಳುವ ದಿನವೇ ಹೇಳಬೇಕು. ಪೈರಿನಲ್ಲಿ ದೋಷ ಕಂಡರೆ, ಉತ್ತು ಬಿಡುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅಧಿಕಾರಿಗಳು ಹೊಲವನ್ನು ನೋಡುವಂತೆ ಮಾಡಬೇಕು. ಉತ್ತ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಆ ಅರ್ಜಿಯಲ್ಲಿ ತಾನು ಯಾರ ಮಾತಿನ ಮೇಲೆ ಕೊಂಡೆನೆಂದು ರೈತನು ಬರೆಯುವನು. ಶಿಫಾರಸು ಮಾಡಿದವರು ಅವನ ಜೊತೆಯಲ್ಲಿಯೇ ಕೇಂದ್ರಕ್ಕೆ ಹೋಗಿ, ತಮ್ಮಲ್ಲಿರುವ ಲಾಟಿನ ಸಂಖ್ಯೆಯನ್ನೂ ಮೊಳಕೆಯ ಲೆಕ್ಕವನ್ನೂ ಕೊಟ್ಟು, ಅದರ ಕೆಳಗೆ ತಮ್ಮ ರುಜುವನ್ನೂ ಹಾಕತಕ್ಕದ್ದು.